ಹರ್ಗಿಲಾ ಇಷ್ಟು ಚೆಂದವೇ?

ಅಸ್ಸಾಮಿನಲ್ಲಿ ಮನೆಗೆ ಬಂದ ಅತಿಥಿಯ ಹೆಗಲಿಗೆ ಗಾಮೋಸಾ ಹೊದಿಸುತ್ತಾರೆ. ಬಿಹು ಹಬ್ಬಕ್ಕೆ ಹಿರಿಯರಿಗೆ ಕೊಡುವುದೂ ಅದನ್ನೇ. ಅಂಥ ಬಟ್ಟೆಯ ಮೇಲೆ ಕೊಳೆತದ್ದನ್ನು ತಿಂದು ಕಸದ ಗುಡ್ಡೆಗಳಲ್ಲಿ ಅಲೆಯುವ ಹಕ್ಕಿಯನ್ನು ನೇಯಲು ಧೈರ್ಯ ಬೇಕು. ಕಾಮರೂಪ ಜಿಲ್ಲೆಯ ದಾದರಾ, ಪಚರಿಯಾ ಕಡೆಯ ಹೆಂಗಸರು ಅದನ್ನು ಮಾಡಿದ್ದಾರೆ.

ಹರ್ಗಿಲಾ ಎಂದರೆ ಸುಮಾರು ಐದಡಿ ಎತ್ತರದ, ಬೋಳುತಲೆಯ ಕೊಕ್ಕರೆ. ಜನರ ಹಿತ್ತಿಲ ಮರಗಳಲ್ಲೇ ಅದರ ಗೂಡು. ಹಿಕ್ಕೆ, ಮಾಂಸದ ಚೂರು ಅಂಗಳಕ್ಕೆ ಬೀಳುತ್ತವೆಂದು, ಅಪಶಕುನವೆಂದು ಮರವನ್ನೇ ಕಡಿಯುತ್ತಿದ್ದರು. 2007ರಲ್ಲಿ ಹಾಗೆ ಮರಿಗಳ ಸಮೇತ ಉರುಳಿದ ಮರವೊಂದನ್ನು ಕಂಡ ಜೀವವಿಜ್ಞಾನಿ ಪೂರ್ಣಿಮಾ ದೇವಿ ಬರ್ಮನ್ ಪಿಎಚ್‌ಡಿ ಬದಿಗಿಟ್ಟು ಊರಿನವರ ಜೊತೆ ಕೂತರು. ಮುಂದೆ ಹುಟ್ಟಿದ ‘ಹರ್ಗಿಲಾ ಸೇನೆ’ಯ ಹೆಂಗಸರಿಗೆ ಮಗ್ಗ, ನೂಲು ಸಿಕ್ಕವು.

ಪರಿಸರ ದಿನ ಬಂತೆಂದರೆ ನಮ್ಮ ಶಾಲೆಗಳಲ್ಲಿ ಮಕ್ಕಳಿಂದ ಹುಲಿಯ ಕಸೂತಿ ಹಾಕಿಸುತ್ತೇವೆ. ಆ ಮಕ್ಕಳ ಹಿತ್ತಿಲಿಗೆ ಹುಲಿ ಬರುವುದಿಲ್ಲ. ದಾದರಾದಲ್ಲಾದರೆ ನೇಯುವವಳ ಮರದಲ್ಲೇ ಗೂಡಿರಬಹುದು, ಅಂಗಳ ಗುಡಿಸುವವಳೂ ಅವಳೇ. ಈ ಬಟ್ಟೆಯ ತೂಕ ಇರುವುದು ಅಲ್ಲಿ.

ಆದರೆ ಬುಟ್ಟಾ ನೋಡಿದಾಗ ನನ್ನ ತಕರಾರು ಶುರು. ಎಳೆ ಎಣಿಸಿ, ಬಿಳಿ ಹಾಸಿಗೆ ಕೆಂಪು ಹೊಕ್ಕು ಸೇರಿಸಿ ಕಟ್ಟುವ ಚಿತ್ತಾರದಲ್ಲಿ ಉದ್ದ ಕೊಕ್ಕು, ನೀಳ ಕಾಲು ಸಲೀಸಾಗಿ ಬರುತ್ತವೆ. ಕತ್ತಿನಡಿ ಜೋತುಬಿದ್ದ ಕಿತ್ತಳೆ ಚೀಲ, ಅಲ್ಲೊಂದು ಇಲ್ಲೊಂದು ಕೂದಲಿನ ಬೋಳು ಚರ್ಮ, ತನ್ನದೇ ಹಿಕ್ಕೆಯಿಂದ ಬೆಳ್ಳಗಾದ ಕಾಲು ಮಗ್ಗಕ್ಕೆ ಅಷ್ಟು ಸುಲಭಕ್ಕೆ ಒಗ್ಗುವುದಿಲ್ಲ. ಹೀಗಾಗಿ ಹರ್ಗಿಲಾ ಬಟ್ಟೆಯ ಮೇಲೆ ಯಾವುದೋ ಮರ್ಯಾದಸ್ಥ ಹಕ್ಕಿಯಾಗಿಬಿಡುತ್ತದೆ. ಹೆಸರು ಹೇಳದಿದ್ದರೆ ಸಾರಸವೆಂದೇ ಕೊಂಡುಹೋಗಬಹುದು. ಜನ ಹೇಸಿದ್ದು ಯಾವ ರೂಪಕ್ಕೋ ಆ ರೂಪವೇ ನೇಯ್ಗೆಯಲ್ಲಿ ಜಾರಿಹೋಗಿದೆ.

ಊರಿನೊಳಗೆ ಇದರಿಂದ ನಷ್ಟವೇನಿಲ್ಲ. ನಿಜವಾದ ಹಕ್ಕಿ ತಲೆಯ ಮೇಲೇ ಇದೆ. ಆ ಊರುಗಳಲ್ಲಿ 28 ಇದ್ದ ಗೂಡುಗಳು 250 ದಾಟಿವೆ. 2023ರಲ್ಲಿ, ಜೀವಿಗಳ ಅಳಿವಿನ ಅಪಾಯವನ್ನು ಪಟ್ಟಿಮಾಡುವ ಐಯುಸಿಎನ್ ಈ ಹಕ್ಕಿಯನ್ನು ಅಳಿವಿನಂಚಿನ ಪಟ್ಟಿಯಿಂದ ಎರಡು ಮೆಟ್ಟಿಲು ಇಳಿಸಿ, ಅಪಾಯಕ್ಕೆ ಹತ್ತಿರವಿರುವವುಗಳ ಸಾಲಿಗೆ ಸೇರಿಸಿತು. ಶ್ರೇಯವೆಲ್ಲ ಮಗ್ಗಕ್ಕೆ ಸಲ್ಲಬೇಕಿಲ್ಲ: ಹಕ್ಕಿಗಳಿಗೆ ಸೀಮಂತ ಮಾಡಿದ್ದು, ಗೂಡಿನಡಿ ಬಲೆ ಕಟ್ಟಿ ಬಿದ್ದ ಮರಿಗಳನ್ನು ಉಳಿಸಿದ್ದು ಕಡಿಮೆ ಕೆಲಸವೇ?

ನಷ್ಟವಾಗುವುದು ಬಟ್ಟೆ ಊರು ದಾಟಿದಾಗ. ದೂರದ ನಗರದಲ್ಲಿ ಈ ಬುಟ್ಟಾದ ಸೀರೆ ಉಡುವವಳಿಗೆ ಸಿಗುವುದು ಚೆಂದದ ಕೊಕ್ಕರೆ ಮಾತ್ರ. ಅದು ಅಲೆಯುವ ಗುವಾಹಟಿಯ ಕಸದ ರಾಶಿಯ ಸುದ್ದಿ ಅವಳಿಗೆ ಮುಟ್ಟುವುದಿಲ್ಲ. ಒಂದು ಸೆರಗಿಗಾದರೂ ಆ ಕಿತ್ತಳೆ ಚೀಲವನ್ನು ಹಾಕಿ ನೋಡಬಾರದೇ ಅನ್ನಿಸುತ್ತದೆ. ಮಾರಾಟ ಕುಸಿದರೆ ಹೋಗುವುದು ನೇಯುವವರ ಕೂಲಿ, ನನ್ನದಲ್ಲ ಎಂಬುದೂ ಗೊತ್ತಿದೆ. ಆದರೂ ಕೇಳುತ್ತೇನೆ.