‘ದ್ವಿಧ್ರುವ’ ಎಂಬ ಪರಿಭಾಷೆ: ಒಂದು ವಿಮರ್ಶೆ

ಮನೋವ್ಯಾಧಿಗಳನ್ನು ಕುರಿತ ವಿಚಾರ ನಮ್ಮ ಪ್ರಾಂತಕ್ಕೆ ಹೊಸದಲ್ಲ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನೋವಿಜ್ಞಾನ ವಿಭಾಗವು 1924ರಲ್ಲಿಯೇ ಆರಂಭವಾಯಿತು, ಡಾ. ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪುರಸ್ಕಾರವೂ ಸಂದಿತು. ಆದರೂ ಇಂದು ಕನ್ನಡದಲ್ಲಿ ಹೇರಳವಾಗಿ ಪ್ರಕಟವಾಗುತ್ತಿರುವ ಖಿನ್ನತೆಯ ಕೈಪಿಡಿಗಳನ್ನು ಓದುವವರಿಗೆ ಒಂದು ಕೊರತೆ ಎದ್ದು ಕಾಣುತ್ತದೆ. ಖಿನ್ನತೆಯೆಂಬ ಒಂದೇ ಮುಖದ ಹಿಂದೆ ಎರಡು ಬೇರೆ ಬೇರೆ ವ್ಯಾಧಿಗಳಿರಬಹುದೆಂಬುದನ್ನು ಅವು ಒಂದು ವಾಕ್ಯದಲ್ಲಿ ಹೇಳಿ ಮುಂದೆ ಸಾಗುತ್ತವೆ. ಈ ಭೇದ ಓದುಗನ ಮನಸ್ಸಿನಲ್ಲಿ ನಿಲ್ಲದಿರುವುದಕ್ಕೆ ನಾವು ಬಳಸುತ್ತಿರುವ ಪರಿಭಾಷೆಯೂ ಒಂದು ಕಾರಣವೆಂದು ನಮ್ಮ ಅಭಿಪ್ರಾಯ.

ಭೇದದ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳಬಹುದು. ಉಬ್ಬರವೂ ಇಳಿತವೂ ಒಂದೇ ವ್ಯಾಧಿಯ ಸರದಿಗಳೆಂದು 1854ರಲ್ಲಿ ಫ್ರಾನ್ಸಿನ ಫಾಲ್ರೆ ಮತ್ತು ಬಯಾರ್ಜೆ ತೋರಿಸಿದರು. ಜರ್ಮನಿಯ ಕ್ರೇಪೆಲಿನ್ 1899ರಲ್ಲಿ ಬರಿಯ ವಿಷಾದವನ್ನೂ ಇದರೊಳಗೆ ಸೇರಿಸಿ ಒಂದೇ ಹೆಸರಿಟ್ಟನು. ಲಿಯೊನ್‌ಹಾರ್ಡ್ 1957ರಲ್ಲಿ ಇವೆರಡನ್ನೂ ಮತ್ತೆ ಬಿಡಿಸಿದನು. 1966ರಲ್ಲಿ ಆಂಗ್ಸ್ಟ್ ಮತ್ತು ಪೆರಿಸ್ ಎಂಬ ವಿದ್ವಾಂಸರು, ಒಬ್ಬರನ್ನೊಬ್ಬರು ಅವಲಂಬಿಸದೆ, ಮನೆತನಗಳ ಅಧ್ಯಯನದಿಂದ ಆ ವಿಂಗಡಣೆಯನ್ನು ದೃಢಪಡಿಸಿದರು. ‘ಏಕಧ್ರುವ’, ‘ದ್ವಿಧ್ರುವ’ ಎಂಬ ನಮ್ಮ ಮಾತುಗಳು ಈ ಪರಂಪರೆಯ ಅನುವಾದಗಳು.

ಧ್ರುವವೆಂದೊಡನೆ ಸಮದೂರದಲ್ಲಿರುವ, ಸಮಾನವಾದ ಎರಡು ತುದಿಗಳು ಕಣ್ಣಮುಂದೆ ನಿಲ್ಲುತ್ತವೆ. ರೋಗಿಯ ಜೀವನ ಹಾಗಿಲ್ಲ. ಅಮೆರಿಕದ ಜಡ್ ಮತ್ತು ಸಂಗಡಿಗರು 146 ಮಂದಿ ದ್ವಿಧ್ರುವ ರೋಗಿಗಳನ್ನು ಸರಾಸರಿ ಸುಮಾರು 13 ವರ್ಷ ಅನುಸರಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅವರ ವಾರಗಳಲ್ಲಿ ನೂರಕ್ಕೆ ಸುಮಾರು 32 ವಿಷಾದದಲ್ಲಿ ಕಳೆದವು. ಉಬ್ಬರದಲ್ಲಿ ಕಳೆದವು 9 ಮಾತ್ರ. ಉಬ್ಬರವೂ ವಿಷಾದವೂ ಒಂದೇ ಹೊತ್ತಿನಲ್ಲಿ ಬೆರೆತಿರುವ ಮಿಶ್ರಸ್ಥಿತಿಯೂ ಉಂಟು. ಅದನ್ನು ಧ್ರುವದ ಉಪಮೆ ಒಳಗೊಳ್ಳಲಾರದು.

‘ಉನ್ಮಾದ’ವೆಂಬ ಮಾತು ಇನ್ನೂ ತೊಡಕಿನದು. ಆಯುರ್ವೇದದಲ್ಲಿ ಅದು ಚಿತ್ತವಿಭ್ರಮಗಳಿಗೆಲ್ಲ ಸಾಮಾನ್ಯವಾದ ಹೆಸರು. ಅಲಂಕಾರಶಾಸ್ತ್ರದಲ್ಲಿ ವಿಷಾದ, ಹರ್ಷ, ಗರ್ವಗಳೊಡನೆ ಮೂವತ್ತಮೂರು ವ್ಯಭಿಚಾರಿಭಾವಗಳಲ್ಲೊಂದು. ಇಂದಿನ ಗ್ರಂಥಗಳು ಅದನ್ನೇ ಉಬ್ಬರದ ಸ್ಥಿತಿಗೆ ಮೀಸಲಿಟ್ಟಿವೆ. ಹೀಗಿರಲು “ನಿಮಗೆ ಹಿಂದೆ ಉನ್ಮಾದವಾಗಿತ್ತೆ?” ಎಂದು ಕೇಳಿದರೆ ಯಾವ ಗೃಹಸ್ಥನು ಹೌದೆಂದಾನು? ಹುಚ್ಚು ಹಿಡಿದಿತ್ತೆ ಎಂದೇ ಅವನ ಕಿವಿಗೆ ಕೇಳಿಸುತ್ತದೆ. ನಾಲ್ಕು ದಿನವಾದರೂ ನಿಲ್ಲುವ ಲಘು ಉಬ್ಬರವನ್ನಂತೂ ಆತನು ರೋಗವೆಂದೇ ಎಣಿಸಿರುವುದಿಲ್ಲ. ಬಾಳಿನ ಒಳ್ಳೆಯ ದಿನಗಳೆಂದು ನೆನೆಯುತ್ತಿರುತ್ತಾನೆ.

ಶ್ರೀರಂಗಪಟ್ಟಣಕ್ಕೆ ಸಮೀಪದ ಬಾಬುರಾಯನಕೊಪ್ಪಲಿನಂಥ ಊರಿನ ಬೇಸಾಯಗಾರನೊಬ್ಬನನ್ನು ನಿದರ್ಶನಕ್ಕಾಗಿ ಕಲ್ಪಿಸಿಕೊಳ್ಳೋಣ. ಎರಡು ತಿಂಗಳಿಂದ ಮಂಕಾಗಿ ಮಲಗಿದ್ದಾನೆ. ಊಟ ಸೇರದು, ಗದ್ದೆಯ ಕಡೆ ಕಾಲಿಡನು. ಸಾಲವೇ ಕಾರಣವೆಂದು ಊರು ಹೇಳುತ್ತದೆ. ಆದರೆ ಆ ಸಾಲ ಹುಟ್ಟಿದ್ದು ಹೇಗೆ? ಮಳೆ ತಪ್ಪಿಯೇ, ಅಥವಾ ಒಂದು ವಾರದ ಮಿತಿಮೀರಿದ ಉತ್ಸಾಹದಲ್ಲಿ ಎರಡು ಕೊಳವೆಬಾವಿ, ಒಂದು ಟ್ರ್ಯಾಕ್ಟರ್, ಊರಿಗೆಲ್ಲ ಊಟವೆಂದು ಹೊರಟುದರಿಂದಲೇ? ಸಾಲ ವಿಷಾದದ ಕಾರಣವಾಗಿರಬಹುದು, ಹಿಂದಿನ ಉಬ್ಬರದ ಶೇಷವೂ ಆಗಿರಬಹುದು. ಇಂದಿನ ಮುಖವನ್ನಷ್ಟೇ ನೋಡಿ ಇದನ್ನು ನಿರ್ಣಯಿಸಲಾಗದು. ಕೊನೆಯ ಅಂಕವೊಂದನ್ನೇ ಓದಿ ನಾಟಕಕ್ಕೆ ವಿಮರ್ಶೆ ಬರೆದಂತಾದೀತು.

ನಿದ್ದೆಯ ಪ್ರಶ್ನೆಯನ್ನೇ ತೆಗೆದುಕೊಳ್ಳಿ. ಕಬ್ಬು ಅರೆಯುವ ಕಾಲದಲ್ಲಿ ಆಲೆಮನೆಯ ಒಲೆ ಇರುಳೆಲ್ಲ ಉರಿಯುವುದುಂಟು. ಕೊಪ್ಪರಿಗೆಯ ಮುಂದೆ ಎಚ್ಚರವಿದ್ದವನು ರೋಗಿಯಲ್ಲ. ಮರುದಿನ ಅವನ ಕಣ್ಣು ಎಳೆಯುತ್ತದೆ. ವಿಷಾದದವನಿಗೆ ನಿದ್ದೆ ಬಾರದು, ಅದಕ್ಕಾಗಿ ಹಂಬಲಿಸುತ್ತಾನೆ. ಉಬ್ಬರದವನಿಗಾದರೋ ನಿದ್ದೆ ಬೇಡ. ಮೂರು ಗಂಟೆ ಮಲಗಿ ದಣಿವಿಲ್ಲದೆ ಏಳುತ್ತಾನೆ. ‘ಬಾರದು’, ‘ಬೇಡ’ ಎಂಬ ಎರಡು ಹಳ್ಳಿಯ ಮಾತುಗಳು ಇಲ್ಲಿ ಮಾಡುವ ಕೆಲಸವನ್ನು ‘ನಿದ್ರಾನ್ಯೂನತೆ’ಯೆಂಬ ಗ್ರಾಂಥಿಕ ಪದ ಮಾಡಲಾರದು. ಹರ್ಷ್‌ಫೆಲ್ಡ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ 13 ಲಕ್ಷಣಗಳ ಪ್ರಶ್ನಾವಳಿಯೂ ಈ ಭೇದವನ್ನು ಕೇಳುತ್ತದೆ. ಆದರೆ ಅದು ಶೋಧನೆಯ ಜರಡಿ, ನಿರ್ಣಯವಲ್ಲ, ಲಘು ಉಬ್ಬರವನ್ನು ಹಲವು ವೇಳೆ ಸೋಸಿಬಿಡುತ್ತದೆ. ಹಾಗೂ ಅದು ಕೇಳುವ ‘ಎಂದಿಗಿಂತ ಹೆಚ್ಚಿನ ಚೈತನ್ಯ’ವನ್ನು ನಾಟಿಯ ತಿಂಗಳಿನೊಡನೆ ಹೋಲಿಸಬೇಕೆ, ಬೇಸಗೆಯೊಡನೆಯೆ?

ಸಾಕ್ಷ್ಯವನ್ನು ಮನೆಯವರಿಂದಲೂ ಪಡೆಯಬೇಕು. ಅಜ್ಜಿಗೋ ಸೋದರತ್ತೆಗೋ ‘ಬಾಣಂತಿ ಸನ್ನಿ’ಯಾಗಿತ್ತೆಂಬ ಮಾತು ಬಂದರೆ ಅದನ್ನು ಶೀತದ ಕಥೆಯೆಂದು ತಳ್ಳಿಹಾಕಬಾರದು, ಹೆರಿಗೆಯ ಬಳಿಕ ತಟ್ಟನೆ ಕಾಣುವ ಚಿತ್ತಭ್ರಮೆಗೂ ದ್ವಿಧ್ರುವ ವ್ಯಾಧಿಗೂ ನಿಕಟವಾದ ನಂಟುಂಟು. ಎಳೆಯ ವಯಸ್ಸಿನಲ್ಲಿಯೇ ತೊಡಗಿ ಮತ್ತೆ ಮತ್ತೆ ಮರುಕಳಿಸುವುದು, ವಿಷಾದದ ನಡುವೆ ಭ್ರಾಂತಿಗಳು, ಅತಿಯಾದ ನಿದ್ದೆ, ಇವೂ ಸೂಚನೆಗಳೇ. ಇವುಗಳಲ್ಲಿ ಯಾವ ಒಂದೂ ಪ್ರಮಾಣವಲ್ಲ.

ಇಷ್ಟು ಸೂಕ್ಷ್ಮ ಏಕೆಂದು ವಿದ್ಯಾರ್ಥಿಗಳು ಕೇಳಬಹುದು. ಖಿನ್ನತೆಗೆ ಕೊಡುವ ಔಷಧವನ್ನೊಂದನ್ನೇ ದ್ವಿಧ್ರುವ ರೋಗಿಗೆ ಕೊಟ್ಟರೆ ಅದು ಫಲಿಸದಿರಬಹುದು, ಕೆಲವರಲ್ಲಿ ಉಬ್ಬರವನ್ನೇ ಕೆರಳಿಸಬಹುದು. 1949ರಲ್ಲಿ ಆಸ್ಟ್ರೇಲಿಯಾದ ಕೇಡ್ ಉಬ್ಬರಕ್ಕೆ ಪ್ರಯೋಗಿಸಿದ ಲಿಥಿಯಂ ಮರುಕಳಿಕೆಯನ್ನು ತಡೆಯುತ್ತದೆ, ಆತ್ಮಹತ್ಯೆಯ ಅಪಾಯವನ್ನೂ ತಗ್ಗಿಸುತ್ತದೆಂದು ಮುಂದೆ ಕಂಡುಬಂದಿತು. ಆದರೆ ಅದಕ್ಕೆ ರಕ್ತದ ಮಟ್ಟ, ಮೂತ್ರಪಿಂಡ, ಥೈರಾಯ್ಡುಗಳ ಪರೀಕ್ಷೆ ತಪ್ಪದೆ ನಡೆಯಬೇಕು. ನಿಮ್ಹಾನ್ಸ್ ಸಂಸ್ಥೆಯ ನೇತೃತ್ವದಲ್ಲಿ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಜೀವಮಾನದಲ್ಲೊಮ್ಮೆ ಖಿನ್ನತೆಗೆ ಒಳಗಾದವರು ನೂರಕ್ಕೆ ಸುಮಾರು 5, ದ್ವಿಧ್ರುವ ವ್ಯಾಧಿಯವರು ಸುಮಾರು 0.5. ಹತ್ತಕ್ಕೆ ಒಂದರ ಈ ಪ್ರಮಾಣದಲ್ಲಿ ವೈದ್ಯನು ಮೊದಲು ಏಕಧ್ರುವವನ್ನೇ ಊಹಿಸುವುದು ಸಹಜ. ಆ ಸಹಜತೆಯಲ್ಲಿಯೇ ಹನ್ನೊಂದನೆಯವನು ಕಳೆದುಹೋಗುತ್ತಾನೆ. ಆ 12 ರಾಜ್ಯಗಳಲ್ಲಿ ಕರ್ನಾಟಕ ಸೇರಿರಲಿಲ್ಲ. ಪೂರ್ವಪರೀಕ್ಷೆ ಮಾತ್ರ ಕೋಲಾರದಲ್ಲಿ ನಡೆಯಿತು. ಕಾವೇರಿ ಬಯಲಿನ ಆಡುಮಾತಿನಲ್ಲಿ ಉಬ್ಬರಕ್ಕೆ ಯಾವ ಯಾವ ಹೆಸರುಗಳಿವೆಯೆಂಬ ಸಂಗ್ರಹವನ್ನು ಕನ್ನಡ ಮತ್ತು ಮನೋವಿಜ್ಞಾನ ವಿಭಾಗಗಳ ವಿದ್ಯಾರ್ಥಿಗಳು ಒಟ್ಟಾಗಿ ಕೈಗೊಳ್ಳಬಹುದು. ಬಾಣಂತಿ ಸನ್ನಿಯಿಂದಲೇ ಅದನ್ನು ತೊಡಗುವುದು ಮೇಲು.