ಯೋಚಿಂಗ್ ಸತ್ತದ್ದು ಹೇಗೆ?

ಕಾದಂಬರಿಯೊಂದು ಸಿನಿಮಾ ಆದಾಗ ಅದರಲ್ಲಿ ಏನೇನು ಬಿಟ್ಟುಹೋಯಿತು ಎಂದು ಲೆಕ್ಕ ಹಾಕುವುದು ಸುಲಭ. ಆದರೆ ಒಬ್ಬ ಬಾಲಕನ ಸಾವಿನ ಕಾರಣವನ್ನೇ ಬದಲಿಸಿದರೆ, ಆ ಸಾವಿಗೆ ಹೊಣೆ ಯಾರು ಎಂಬ ಪ್ರಶ್ನೆಗೆ ಸಿಗುವ ಉತ್ತರವೇ ಬೇರೆಯಾಗುತ್ತದೆ. ಚೀನಾದ ಲೇಖಕ ಯೂ ಹ್ವಾ 1993ರಲ್ಲಿ ಪುಸ್ತಕವಾಗಿ ಪ್ರಕಟಿಸಿದ 'ಹುವೋಜೆ' (ಬದುಕಿರುವುದು) ಕಾದಂಬರಿ ಮತ್ತು 1994ರಲ್ಲಿ ಝಾಂಗ್ ಯಿಮೋ ಅದನ್ನಾಧರಿಸಿ ಮಾಡಿದ ಚಿತ್ರವನ್ನು ಒಟ್ಟಿಗಿಟ್ಟು ನೋಡಿದರೆ ಇದು ಸ್ಪಷ್ಟವಾಗುತ್ತದೆ.

ಜೂಜಿನಲ್ಲಿ ಆಸ್ತಿಯನ್ನೆಲ್ಲ ಕಳೆದುಕೊಂಡ ಫೂಗ್ವೀ ಕಥೆಯ ಕೇಂದ್ರ. ಅವನ ಮಗ ಯೋಚಿಂಗ್. ಕಾದಂಬರಿಯ ಯೋಚಿಂಗ್ ಒಂದು ಕುರಿಯನ್ನು ಜೀವದಂತೆ ಸಾಕುತ್ತಾನೆ. ಅದಕ್ಕೆ ಹುಲ್ಲು ಹಾಕಲು ಶಾಲೆಯಿಂದ ಮನೆಗೆ, ಮನೆಯಿಂದ ಶಾಲೆಗೆ ಓಡುತ್ತಾನೆ. ಚಪ್ಪಲಿ ಸವೆಯಬಾರದೆಂದು ಬರಿಗಾಲಲ್ಲೇ ಓಡುತ್ತಾನೆ. ಜಿಲ್ಲಾಧಿಕಾರಿಯ ಪತ್ನಿಯೂ ಆಗಿದ್ದ ಶಾಲೆಯ ಮುಖ್ಯೋಪಾಧ್ಯಾಯಿನಿಗೆ ಹೆರಿಗೆಯಲ್ಲಿ ತೀವ್ರ ರಕ್ತಸ್ರಾವವಾದಾಗ ಮಕ್ಕಳು ಉತ್ಸಾಹದಿಂದ ರಕ್ತ ಕೊಡಲು ಹೋಗುತ್ತಾರೆ. ಹೊಂದಿಕೆಯಾದದ್ದು ಯೋಚಿಂಗ್‌ನ ರಕ್ತ ಮಾತ್ರ. ಆಸ್ಪತ್ರೆಯವರು ತೆಗೆಯುತ್ತಲೇ ಹೋಗುತ್ತಾರೆ, ಹುಡುಗ ಸಾಯುತ್ತಾನೆ. ಅಲ್ಲಿ ಒಬ್ಬರ ಜೀವ ಉಳಿಸುವ ಆತುರದಲ್ಲಿ ಇನ್ನೊಬ್ಬನ ಜೀವ ಯಾರ ಕಣ್ಣಿಗೂ ಬೀಳುವುದಿಲ್ಲ. ಜಿಲ್ಲಾಧಿಕಾರಿಯನ್ನು ಕೊಲ್ಲಲು ಹೊರಟ ತಂದೆಗೆ ಆತ ತನ್ನ ಯುದ್ಧಕಾಲದ ಗೆಳೆಯ ಚುನ್‌ಶೆಂಗ್ ಎಂದು ತಿಳಿಯುತ್ತದೆ.

ಚಿತ್ರದಲ್ಲಿ ಈ ರಕ್ತವೇ ಇಲ್ಲ. 1958ರ ಉಕ್ಕು ಕರಗಿಸುವ ಅಭಿಯಾನದಲ್ಲಿ ನಿದ್ದೆಗೆಟ್ಟ ಯೋಚಿಂಗ್ ಶಾಲೆಯ ಗೋಡೆಯ ಹಿಂದೆ ಮಲಗಿರುತ್ತಾನೆ. ಚುನ್‌ಶೆಂಗ್‌ನ ವಾಹನ ಹಿಂದಕ್ಕೆ ಬಂದು ಗುದ್ದಿ ಗೋಡೆ ಕುಸಿಯುತ್ತದೆ. ಅಧಿಕಾರ ಮಾಡಿದ ಅಪರಾಧ ಇಲ್ಲಿ ಅಪಘಾತವಾಗಿ ಮೆತ್ತಗಾಯಿತು ಎಂಬ ಆಕ್ಷೇಪ ಸಹಜ, ಅದರಲ್ಲಿ ಸತ್ಯವೂ ಇದೆ.

ಆದರೆ ನಿರ್ದೇಶಕರು ಇನ್ನೊಂದು ಹೊಣೆಯನ್ನು ಮುಂದಿಡುತ್ತಾರೆ. ಮಗು ಮಲಗಲಿ ಎಂದು ತಾಯಿ ಬೇಡಿಕೊಂಡರೂ, ಅಧಿಕಾರಿ ಬರುವ ದಿನ ಮಗ ಹಿಂದೆ ಬಿದ್ದನೆಂದು ಯಾರೂ ಬೆರಳು ತೋರಿಸಬಾರದೆಂದು ಅವನನ್ನು ಎಬ್ಬಿಸಿ, ಬೆನ್ನ ಮೇಲೆ ಹೊತ್ತು ಶಾಲೆಗೆ ಬಿಟ್ಟವನು ತಂದೆಯೇ. ಕಾದಂಬರಿಯ ತಂದೆ ಸತ್ತ ಮಗನನ್ನು ಎತ್ತಿಕೊಂಡು ಕತ್ತಲಲ್ಲಿ ಮನೆಯತ್ತ ನಡೆಯುತ್ತಾನೆ. ಚಿತ್ರದ ತಂದೆ ಬದುಕಿರುವ ಮಗನನ್ನು ಹೊತ್ತು ಸಾವಿನತ್ತ ನಡೆಯುತ್ತಾನೆ. ಭಯ ಮನೆಯೊಳಗೆ ಬಂದು ತಂದೆಯ ಪ್ರೀತಿಯ ರೂಪ ತಾಳುವುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವುದು ಕಷ್ಟ. ಕಾನ್‌ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆದ ಈ ಚಿತ್ರಕ್ಕೆ ಚೀನಾದಲ್ಲಿ ಪ್ರದರ್ಶನದ ಅನುಮತಿ ಸಿಗಲಿಲ್ಲ ಎಂಬುದನ್ನೂ ನೆನಪಿಡಬೇಕು.

ಚಿತ್ರ ನಿಜಕ್ಕೂ ಹಿಂಜರಿಯುವುದು ಎರಡನೇ ಬಾಲಕನ ವಿಷಯದಲ್ಲಿ. ಕಾದಂಬರಿಯಲ್ಲಿ ಮೊಮ್ಮಗ ಕುಗೆನ್ ಕೂಡ ಸಾಯುತ್ತಾನೆ. ಬಡತನದಲ್ಲಿ ಅಪರೂಪವಾದ ಬೀನ್ಸ್ ಕಾಳನ್ನು ಹಸಿದ ಮಗು ಅತಿಯಾಗಿ ತಿಂದು ಜೀವ ಬಿಡುತ್ತದೆ. ಚಿತ್ರದಲ್ಲಿ ಮೊಮ್ಮಗ ಬದುಕಿರುತ್ತಾನೆ, ಕೋಳಿಮರಿಗಳನ್ನು ಸಾಕುತ್ತಾನೆ. ಕೋಳಿ ಬೆಳೆದು ಬಾತು, ಬಾತು ಕುರಿ, ಕುರಿ ಎತ್ತಾಗುವ ಕಥೆಯನ್ನು ತಂದೆ ಹಿಂದೆ ಯೋಚಿಂಗ್‌ಗೆ ಹೇಳುವಾಗ ಎತ್ತಿನ ನಂತರ ಕಮ್ಯುನಿಸಂ ಬರುತ್ತಿತ್ತು. ಮೊಮ್ಮಗನಿಗೆ ಹೇಳುವಾಗ ರೈಲು, ವಿಮಾನದ ಪ್ರಯಾಣ ಬರುತ್ತದೆ. ಭರವಸೆಯ ಹೆಸರು ಬದಲಾದುದನ್ನು ಇಷ್ಟು ಸರಳವಾಗಿ ಹೇಳಿದ್ದು ಮೆಚ್ಚಬೇಕಾದದ್ದೇ. ಆದರೂ ಬದುಕುಳಿದ ಈ ಮಗು ಪ್ರೇಕ್ಷಕನಿಗೆ ಸಮಾಧಾನ ಹೇಳಿ ಮನೆಗೆ ಕಳುಹಿಸುತ್ತದೆ.

ಯೂ ಹ್ವಾ ಅಂತಹ ಸಮಾಧಾನ ಕೊಡುವುದಿಲ್ಲ. ಅವರ ಮುದುಕ ಫೂಗ್ವೀ ಬಳಿ ಉಳಿದಿರುವುದು ಕಡಿಯುವವರ ಕೈಯಿಂದ ಬಿಡಿಸಿ ತಂದ ಒಂದು ಮುದಿ ಎತ್ತು. ಉಳುವಾಗ ಆತ ಸತ್ತವರ ಹೆಸರುಗಳನ್ನು ಕೂಗುತ್ತಾನೆ, ಬೇರೆ ಎತ್ತುಗಳೂ ದುಡಿಯುತ್ತಿವೆಯೆಂದು ಭಾವಿಸಿ ಇದಕ್ಕೆ ಬೇಸರವಾಗದಿರಲಿ ಎಂದು. ಆ ಹೆಸರುಗಳಲ್ಲಿ ಯೋಚಿಂಗ್ ಇದ್ದಾನೆ, ಕುಗೆನ್ ಕೂಡ ಇದ್ದಾನೆ. ಚರಿತ್ರೆಯ ಪುಸ್ತಕಗಳಲ್ಲಿ ಇಂತಹ ಹುಡುಗರು ಸಂಖ್ಯೆಗಳಾಗಿ ಉಳಿಯುತ್ತಾರೆ. ಅವರನ್ನು ಹೆಸರಿಟ್ಟು ಕರೆಯುವ ಕೆಲಸವನ್ನು ಸಾಹಿತ್ಯ ಮಾಡುತ್ತದೆ. ಚಿತ್ರವನ್ನು ನೋಡಿ ಮೆಚ್ಚಿದವರು ಕಾದಂಬರಿಯನ್ನೂ ಓದಬೇಕು ಎನ್ನುವುದು ಇದೇ ಕಾರಣಕ್ಕೆ.