ಕಟ್ಟಳೆಯೊಳಗಿನ ಕಣ್ಣೀರು

ಶಿರಸಿ, ಸಿದ್ದಾಪುರ, ಯಲ್ಲಾಪುರದ ಊರುಗಳಲ್ಲಿ ಯಕ್ಷಗಾನದ ಆಟ ಮುಗಿದ ಮರುದಿನ ಒಂದು ಮಾತು ಕೇಳಿಬರುತ್ತದೆ: ‘ಆ ಪದ್ಯಕ್ಕೆ ಕಣ್ಣಲ್ಲಿ ನೀರೇ ಬಂದೋತು.’ ಹುಲೇಕಲ್, ವಾನಳ್ಳಿ ಕಡೆಯ ತೋಟಿಗರ ಬಾಯಲ್ಲಿ ಕಲಾವಿದನಿಗೆ ಸಿಗುವ ಹೊಗಳಿಕೆಗಳಲ್ಲಿ ಇದಕ್ಕಿಂತ ಮೇಲಿನದು ಇಲ್ಲ. ಹಾಗೆ ಹೇಳುವವರು ಸುಲಭಕ್ಕೆ ಕರಗುವ ಜನರೂ ಅಲ್ಲ. ಭಾಗವತರು ತಾಳ ತಪ್ಪಿದರೆ ಅಲ್ಲೇ ತಲೆ ಅಲ್ಲಾಡಿಸುವವರು, ಅರ್ಥಧಾರಿ ಪುರಾಣ ತಪ್ಪಿ ಹೇಳಿದರೆ ಚೌಕಿಗೇ ಹೋಗಿ ಕೇಳುವವರು. ಕಥೆಯಂತೂ ಎಲ್ಲರಿಗೂ ಗೊತ್ತಿರುವಂಥದ್ದು. ಬಭ್ರುವಾಹನನ ಬಾಣಕ್ಕೆ ಅರ್ಜುನ ಬೀಳುತ್ತಾನೆ, ಬೆಳಗಾಗುವ ಹೊತ್ತಿಗೆ ಎದ್ದು ಕೂರುತ್ತಾನೆ ಎಂಬುದನ್ನು ಮಕ್ಕಳೂ ಬಲ್ಲರು. ಹಾಗಿದ್ದೂ ಅಳು ಬರುವುದು ಏಕೆ?

‘ಅದು ಕರುಣರಸ’ ಎಂದು ಹೇಳಿ ಮುಗಿಸುವುದು ಒಂದು ದಾರಿ. ‘ಬರೀ ಭಾವುಕತೆ’ ಎಂದು ಬದಿಗೆ ಸರಿಸುವುದು ಇನ್ನೊಂದು. ಮೊದಲನೆಯದು ಹೆಸರು ಕೊಡುತ್ತದೆ, ಕಾರಣ ಕೊಡುವುದಿಲ್ಲ. ಎರಡನೆಯದು ನೋಡುಗರನ್ನು ದಡ್ಡರೆಂದು ಎಣಿಸುತ್ತದೆ. ಬಡಗುತಿಟ್ಟಿನ ಕಾಳಗದ ಪ್ರಸಂಗಗಳನ್ನು ಎದುರಿಗಿಟ್ಟುಕೊಂಡು ನೋಡಿದರೆ ನನಗೆ ಕಾಣುವುದು ಇಷ್ಟು: ಮನುಷ್ಯ ತಾನು ಒಪ್ಪಿಕೊಂಡ ಕಟ್ಟಳೆಯನ್ನು ತನ್ನ ಪ್ರೀತಿಯ ಎದುರಿಗೂ ಬಿಡದೆ ನಿಂತಾಗ ನಮಗೆ ಅಳು ಬರುತ್ತದೆ. ಸಾವಿಗೆ ಅಳುವುದು ಕಡಿಮೆ, ಆ ನಿಲುವಿಗೆ ಅಳುವುದು ಹೆಚ್ಚು.

ಈ ಪ್ರಸಂಗಗಳ ತವರು ಲಕ್ಷ್ಮೀಶನ ಜೈಮಿನಿ ಭಾರತ. ಸುಧನ್ವ, ಬಭ್ರುವಾಹನ, ಕುಶಲವ, ತಾಮ್ರಧ್ವಜ, ವೀರವರ್ಮ, ಚಂದ್ರಹಾಸ ಎಲ್ಲರೂ ಅಲ್ಲಿಂದಲೇ ರಂಗಸ್ಥಳಕ್ಕೆ ಬಂದವರು. ಯುದ್ಧ ಗೆದ್ದೂ ಮನಸ್ಸು ಸೋತ ಧರ್ಮರಾಯ ಅಶ್ವಮೇಧ ಮಾಡುತ್ತಾನೆ. ಕುದುರೆಯ ಹಣೆಗೆ ಪಟ್ಟ ಕಟ್ಟಿ ಬಿಡುತ್ತಾರೆ. ಕಟ್ಟಿಹಾಕಿದವನು ಕಾದಬೇಕು, ಇಲ್ಲವೇ ಶರಣಾಗಬೇಕು. ನಿಯಮ ಇಷ್ಟೇ. ಹಗೆ ಬೇಕಿಲ್ಲ, ಆಸ್ತಿಯ ಜಗಳ ಬೇಕಿಲ್ಲ. ಕುದುರೆ ಎಲ್ಲಿಗೆ ಹೋಗುತ್ತದೋ ಅಲ್ಲಿ ಕಾಳಗ. ಅದು ಹೋಗುವುದು ಭಕ್ತನ ಊರಿಗೆ, ಮಗನ ಊರಿಗೆ, ಬಿಟ್ಟುಬಂದ ಹೆಂಡತಿಯ ಊರಿಗೆ. ಲವಕುಶದಲ್ಲಿ ಇದೇ ನಿಯಮ ರಾಮನ ಕುದುರೆಯನ್ನು ವಾಲ್ಮೀಕಿಯ ಆಶ್ರಮದ ಬಾಗಿಲಿಗೆ ತಂದು ನಿಲ್ಲಿಸುತ್ತದೆ.

ನಿಯಮ ಹೀಗೆ ಕೆಲಸ ಮಾಡುವುದು ನಮ್ಮಲ್ಲಿ ಮಾತ್ರವಲ್ಲ. 1989ರಲ್ಲಿ ಅಮೆರಿಕದಲ್ಲಿ ‘ಫೀಲ್ಡ್ ಆಫ್ ಡ್ರೀಮ್ಸ್’ ಎಂಬ ಸಿನಿಮಾ ಬಂತು. ಅಯೋವಾದ ರೈತನೊಬ್ಬ ತನ್ನ ಮೆಕ್ಕೆಜೋಳದ ಹೊಲದ ಒಂದು ಭಾಗವನ್ನು ಕಡಿದು ಬೇಸ್‌ಬಾಲ್ ಮೈದಾನ ಮಾಡುತ್ತಾನೆ. ಜಗಳವಾಡಿ ದೂರಾದಮೇಲೆ ತೀರಿಹೋದ ಅವನ ತಂದೆ ಕೊನೆಗೆ ಅಲ್ಲಿಗೆ ಹರೆಯದ ಆಟಗಾರನಾಗಿ ಬರುತ್ತಾನೆ. ಇಬ್ಬರೂ ಚೆಂಡು ಎಸೆದು ಹಿಡಿಯುತ್ತ ನಿಲ್ಲುತ್ತಾರೆ. ಬೇಸ್‌ಬಾಲಿನ ಗಂಧ ಗಾಳಿ ಇಲ್ಲದವರೂ ಆ ದೃಶ್ಯಕ್ಕೆ ಕಣ್ಣೊರೆಸಿಕೊಳ್ಳುತ್ತಾರೆ. ತಂದೆ ಮಗನಿಗೆ ಬಾಯಿಬಿಟ್ಟು ಹೇಳಲಾಗದ್ದನ್ನು ಆಟದ ನಿಯಮ ಅವರ ಕೈಯಿಂದ ಮಾಡಿಸುತ್ತದೆ. ನಮ್ಮ ಕಾಳಗದಲ್ಲಿಯೂ ಅದೇ ಆಗುವುದು. ಚೆಂಡಿನ ಜಾಗದಲ್ಲಿ ಬಾಣವಿದೆ, ಆದ್ದರಿಂದ ಬೆಲೆ ದೊಡ್ಡದು.

ಬಭ್ರುವಾಹನ ಕಾಳಗದ ನಡುಭಾಗವನ್ನು ಹತ್ತಿರದಿಂದ ನೋಡೋಣ. ಕಟ್ಟಿದ ಕುದುರೆ ತಂದೆಯದೆಂದು ತಾಯಿ ಚಿತ್ರಾಂಗದೆಯಿಂದ ಮಣಿಪುರದ ಅರಸನಿಗೆ ತಿಳಿಯುತ್ತದೆ. ಕಾಣಿಕೆ ಹೊತ್ತು, ಕುದುರೆ ಸಮೇತ ಹೋಗಿ ಕಾಲಿಗೆ ಬೀಳುತ್ತಾನೆ. ಅರ್ಜುನ ಒಪ್ಪುವುದಿಲ್ಲ. ತನ್ನ ಮಗನೆಂದರೆ ಅಭಿಮನ್ಯು, ಕಟ್ಟಿದ ಕುದುರೆಯನ್ನು ಹೆದರಿ ಬಿಟ್ಟುಕೊಡುವವನು ತನಗೆ ಹುಟ್ಟಿದವನಲ್ಲ ಎಂದು ಹಳಿದು ಒದೆಯುತ್ತಾನೆ. ಅದುವರೆಗೆ ಚಂಡೆಯ ಅಬ್ಬರದಲ್ಲಿ ಕುಣಿದ ಕೇದಗೆ ಮುಂದಲೆಯ ಹುಡುಗ ಈಗ ನೆಲದ ಮೇಲಿದ್ದಾನೆ. ಚಂಡೆ ಸುಮ್ಮನಾಗಿದೆ. ಮದ್ದಳೆ ಮಾತ್ರ ಮೆತ್ತಗೆ ನುಡಿಯುತ್ತಿದೆ. ಭಾಗವತರು ಪದ್ಯವನ್ನು ನಿಧಾನ ಲಯದಲ್ಲಿ ಎತ್ತುತ್ತಾರೆ. ಒಳ್ಳೆಯ ಕಲಾವಿದ ಇಲ್ಲಿ ಅಳುವುದಿಲ್ಲ. ಬಿದ್ದಲ್ಲಿಂದ ಏಳಲು ಒಂದು ಸಾಲಿನಷ್ಟು ಹೊತ್ತು ತೆಗೆದುಕೊಳ್ಳುತ್ತಾನೆ. ಚೆದುರಿದ ಕಾಣಿಕೆಯ ಕಡೆ ನೋಡುತ್ತಾನೆ, ತಂದೆಯ ಮುಖವನ್ನು ನೋಡುವುದಿಲ್ಲ. ಎದ್ದಮೇಲೆ ಮಾತು ಕಡಿಮೆ. ತಾಯಿಯ ಮಾನಕ್ಕೆ ಬಂದ ಮಾತನ್ನು ಕೇಳಿಸಿಕೊಂಡು ಸುಮ್ಮನಿರಲಾರೆ ಎಂಬಷ್ಟಕ್ಕೇ ಅರ್ಥ ನಿಲ್ಲುತ್ತದೆ. ಆಮೇಲೆ ಚಂಡೆಗೆ ಕೋಲು ಬೀಳುತ್ತದೆ.

ಸಭೆಯಲ್ಲಿ ಕಣ್ಣು ತುಂಬುವುದು ಆ ಚಂಡೆ ಮರಳಿ ಎದ್ದ ಗಳಿಗೆಯಲ್ಲಿ. ಒದ್ದಾಗ ಬರುವುದು ಸಿಟ್ಟು, ಬಿದ್ದಾಗ ಬರುವುದು ಮರುಕ. ಕಾದುವುದನ್ನು ಬಿಟ್ಟು ಬಂದ ಹುಡುಗ ತಂದೆ ಬಯಸಿದ ಮಗನಾಗುವುದಕ್ಕೆ ಅದೇ ತಂದೆಯ ಮೇಲೆ ಬಿಲ್ಲು ಎತ್ತಬೇಕಾಗಿದೆ. ಕುದುರೆಯ ಕಟ್ಟಳೆ ಬೇರೆ ದಾರಿಯನ್ನು ಉಳಿಸಿಲ್ಲ. ಇದನ್ನು ರಂಗದಲ್ಲಿ ಯಾರೂ ವಿವರಿಸುವುದಿಲ್ಲ. ಲಯವೇ ಹೇಳುತ್ತದೆ.

ಸುಧನ್ವನ ಕಥೆಯೂ ಹೀಗೇ. ಯುದ್ಧಕ್ಕೆ ತಡವಾಗಿ ಬಂದವರನ್ನು ಕಾದ ಎಣ್ಣೆಗೆ ಹಾಕುವೆನೆಂದು ಹಂಸಧ್ವಜ ಸಾರಿರುತ್ತಾನೆ. ಹೆಂಡತಿ ಪ್ರಭಾವತಿಯ ಬಯಕೆ ತೀರಿಸಿ ತಡವಾಗಿ ಬಂದವನು ಅವನ ಮಗನೇ. ತಂದೆ ಸಾರಿದ ಆಣತಿಯಲ್ಲಿ ಮಗನಿಗೆಂದು ವಿನಾಯಿತಿ ಇಲ್ಲ, ಮಗ ಕೇಳುವುದೂ ಇಲ್ಲ. ಹರಿಯ ಹೆಸರು ಹಿಡಿದು ಎಣ್ಣೆಯಿಂದ ಸುಡದೆ ಬಂದವನು ಕಾದಬೇಕಾದದ್ದು ಹರಿಯೇ ಸಾರಥಿಯಾದ ರಥದ ಎದುರು. ಇಲ್ಲಿ ಭಕ್ತಿ ಕಷ್ಟದಿಂದ ಪಾರುಮಾಡುವ ಉಪಾಯವಾಗಿಲ್ಲ. ಕಷ್ಟಕ್ಕೆ ನೇರವಾಗಿ ನಡೆದುಹೋಗುವ ಧೈರ್ಯವಾಗಿದೆ.

ಈ ಬಿಗಿಯನ್ನು ಅರಿತು ಬೆಳೆಸಿದವರಲ್ಲಿ ಕೆರೆಮನೆಯವರು ಮುಖ್ಯರು. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳ ಕಟ್ಟಿದರು. ಮಗ ಶಂಭು ಹೆಗಡೆಯವರು ಆಂಗಿಕಕ್ಕೂ ಮೌನಕ್ಕೂ ಮಾತಿನಷ್ಟೇ ಬೆಲೆ ಕೊಟ್ಟರು. ಶಿರಸಿ ಸೀಮೆಯ ನೆಬ್ಬೂರು ನಾರಾಯಣ ಭಾಗವತರು ಅದೇ ಮೇಳದಲ್ಲಿ ಹಾಡಿದರು. ರಾಗದ ಒನಪಿಗಿಂತ ಪದ್ಯದ ಭಾವವನ್ನು ಮುಂದಿಡುವ ಹಾಡಿಕೆ ಅವರದು. ಶಂಭು ಹೆಗಡೆಯವರು ಕೊನೆಯದಾಗಿ ಮಾಡಿದ ಪಾತ್ರ 2009ರ ಫೆಬ್ರವರಿಯಲ್ಲಿ ಇಡಗುಂಜಿಯಲ್ಲಿ, ಲವಕುಶ ಪ್ರಸಂಗದ ರಾಮ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರದು ಬೇರೆ ಜಾಡು. ಕೀಚಕ, ಭಸ್ಮಾಸುರ, ದುಷ್ಟಬುದ್ಧಿಯಂಥ ಪಾತ್ರಗಳಲ್ಲಿ ಮೈಯೆಲ್ಲ ಭಾವವಾಗಿ ಉಕ್ಕುತ್ತಿತ್ತು. ಆದರೆ ಆ ಉಕ್ಕು ತಾಳದ ದಂಡೆ ಮೀರಲಿಲ್ಲ. ಒಬ್ಬರು ಹಿಡಿದಿಟ್ಟು ಮುಟ್ಟಿಸಿದರು, ಇನ್ನೊಬ್ಬರು ತುಂಬಿ ಹರಿಸಿ ಮುಟ್ಟಿಸಿದರು. ಇಬ್ಬರೂ ಲಯದ ಕಟ್ಟಳೆಯ ಒಳಗೇ ಇದ್ದರು.

ತಾಳಮದ್ದಲೆ ಈ ಮಾತಿಗೆ ಇನ್ನೂ ಕಠಿಣ ಪರೀಕ್ಷೆ. ಮಳೆಗಾಲದಲ್ಲಿ ಮನೆಯ ಜಗಲಿಯ ಮೇಲೋ ದೇವಸ್ಥಾನದ ಪೌಳಿಯಲ್ಲೋ ನಡೆಯುವ ಕೂಟದಲ್ಲಿ ವೇಷವಿಲ್ಲ, ಕುಣಿತವಿಲ್ಲ. ಪಂಚೆ ಉಟ್ಟು ಶಾಲು ಹೊದೆದು ಕೂತ ಅರ್ಥಧಾರಿ ಕರ್ಣನಾಗಬೇಕು. ಕೃಷ್ಣ ಹುಟ್ಟಿನ ಗುಟ್ಟು ಹೇಳುತ್ತಾನೆ, ರಾಜ್ಯ ಕೊಡುತ್ತೇನೆನ್ನುತ್ತಾನೆ. ಕರ್ಣ ತರ್ಕದಿಂದಲೇ ಒಂದೊಂದನ್ನೂ ನಿರಾಕರಿಸುತ್ತ ಹೋಗುತ್ತಾನೆ: ಸಾಕಿದ ತಾಯಿಯ ಋಣ, ಅನ್ನ ಹಾಕಿದವನ ಋಣ, ಕೊಟ್ಟ ಮಾತು. ತರ್ಕ ಗಟ್ಟಿಯಾದಷ್ಟೂ ಕೇಳುವವರ ಗಂಟಲು ಕಟ್ಟುತ್ತದೆ. ಬುದ್ಧಿ ಮತ್ತು ಭಾವ ಎದುರಾಳಿಗಳು ಎಂದು ನಂಬಿದವರು ಒಂದು ಒಳ್ಳೆಯ ಕೂಟದಲ್ಲಿ ಬೆಳಗಿನವರೆಗೆ ಕೂರಬೇಕು.

ಕಾಳಗವೇ ಇಲ್ಲದೆಯೂ ಕಟ್ಟಳೆಯ ಈ ಬಿಗಿಯನ್ನು ಸಾಧಿಸಬಹುದು ಎಂದು ತೋರಿಸಿದವರು ಶಿರಸಿ ಸೀಮೆಯವರೇ ಆದ ಹೊಸ್ತೋಟ ಮಂಜುನಾಥ ಭಾಗವತರು. 2020ರಲ್ಲಿ ತೀರಿಕೊಂಡ ಅವರು ಬರೆದ ‘ರಾಮ ನಿರ್ಯಾಣ’ದಲ್ಲಿ ಕಾಲಪುರುಷನೊಡನೆ ಏಕಾಂತದಲ್ಲಿ ಮಾತಾಡುವ ರಾಮ ಒಳಗೆ ಬಂದವರಿಗೆ ಶಿಕ್ಷೆ ಎಂಬ ಮಾತು ಕೊಟ್ಟಿದ್ದಾನೆ. ಬಾಗಿಲು ಕಾಯುವವನು ಲಕ್ಷ್ಮಣ, ಹೊರಗೆ ಬಂದು ನಿಂತವನು ದುರ್ವಾಸ. ಊರಿಗೆ ಶಾಪ ತಟ್ಟದಿರಲೆಂದು ಲಕ್ಷ್ಮಣ ಒಳಗೆ ಹೋಗುತ್ತಾನೆ, ಅಣ್ಣ ತಮ್ಮನನ್ನು ತ್ಯಜಿಸಬೇಕಾಗುತ್ತದೆ. ಕತ್ತಿ ಬಾಣಗಳಿಲ್ಲ. ಇರುವುದು ಒಂದು ಬಾಗಿಲು, ಒಂದು ಮಾತು. ನಮ್ಮ ಕಾಲದಲ್ಲಿ ಬರೆದ ಪ್ರಸಂಗವೊಂದು ಹಳೆಯ ಪ್ರಸಂಗಗಳ ಸಾಲಿನಲ್ಲಿ ನಿಂತಿರುವುದು ಈ ಬಿಗಿಯಿಂದಲೇ.

ಇನ್ನು ಪರಂಪರೆಯ ಕೊರತೆಗಳ ಮಾತು. ಧ್ವನಿವರ್ಧಕ ಬಂದಮೇಲೆ, ಟೆಂಟಿನ ಆಟಕ್ಕೆ ಟಿಕೆಟ್ ಮಾರುವ ಪೈಪೋಟಿ ಬೆಳೆದಮೇಲೆ, ಅಳುವನ್ನು ನೇರವಾಗಿ ಹಿಂಡುವ ಚಾಳಿ ಬಂತು. ದುಃಖದ ಪದ್ಯವನ್ನು ಆಲಾಪಕ್ಕಾಗಿ ಎಳೆಯುವುದು, ಚಪ್ಪಾಳೆ ಬಿದ್ದರೆ ಮತ್ತೆ ಎತ್ತುವುದು, ಪಾತ್ರಧಾರಿ ಬಿಕ್ಕಿ ಬಿಕ್ಕಿ ಅಳುವುದು. ಪಾತ್ರವೇ ಎಲ್ಲ ಕಣ್ಣೀರನ್ನೂ ಸುರಿಸಿಬಿಟ್ಟರೆ ನೋಡುವವನಿಗೆ ಉಳಿಯುವುದೇನು? ಕಾಲಮಿತಿಯ ಆಟದ ಹಾನಿ ಇನ್ನೊಂದು ಬಗೆಯದು. ಮೂರು ತಾಸಿಗೆ ಕತ್ತರಿಸುವಾಗ ಒದೆತವೂ ಕಾಳಗವೂ ಉಳಿಯುತ್ತವೆ. ತಂದೆಯನ್ನು ಕಾಣುವ ಸಡಗರದ, ತಾಯಿ ಮಗ ಮಾತಾಡುವ ಭಾಗ ಹೋಗುತ್ತದೆ. ಹುಡುಗನ ಸಂತೋಷವನ್ನೇ ತೋರಿಸದೆ ಅವನ ಅವಮಾನವನ್ನು ತೋರಿಸಿದರೆ ಅದು ಘಟನೆ ಮಾತ್ರ ಆಗುತ್ತದೆ.

ಇವು ತಿದ್ದಬಹುದಾದ ತಪ್ಪುಗಳು. ಮೂರನೆಯದು ಆಳದಲ್ಲಿದೆ. ಈ ಪ್ರಸಂಗಗಳಲ್ಲಿ ತಂದೆಯರಿಗೆ ಕ್ಷಮೆ ಬಹಳ ಅಗ್ಗವಾಗಿ ಸಿಗುತ್ತದೆ. ಸಂಜೀವಕ ಮಣಿ ಬರುತ್ತದೆ, ಕೃಷ್ಣ ಬರುತ್ತಾನೆ, ಅರ್ಜುನ ಏಳುತ್ತಾನೆ, ಮಂಗಳ ಹಾಡುತ್ತಾರೆ. ಹೆಂಡತಿಯ ಶೀಲದ ಬಗ್ಗೆ ಆಡಿದ ಮಾತಿಗೆ ಅವನು ಉತ್ತರ ಕೊಡುವುದನ್ನು ರಂಗದಲ್ಲಿ ಕಾಣುವುದು ಅಪರೂಪ. ಚಿತ್ರಾಂಗದೆ ಅಳಲು ಬರುತ್ತಾಳೆ, ಕೇಳಲು ಬರುವುದಿಲ್ಲ. 1977ರಲ್ಲಿ ಹುಣಸೂರು ಕೃಷ್ಣಮೂರ್ತಿಯವರು ನಿರ್ದೇಶಿಸಿದ ‘ಬಭ್ರುವಾಹನ’ ಸಿನಿಮಾದಲ್ಲಿ ರಾಜ್‌ಕುಮಾರ್ ತಂದೆಯೂ ಆದರು, ಮಗನೂ ಆದರು. ಎರಡೂ ಮುಖ ಒಂದೇ ಆದ್ದರಿಂದ ‘ನೀನು ನನ್ನ ಮಗನಲ್ಲ’ ಎಂಬ ಅರ್ಜುನನ ನಿಲುವು ಸುಳ್ಳೆಂದು ನೋಡಿದವರ ಕಣ್ಣಿಗೇ ಗೊತ್ತಾಗುತ್ತದೆ. ರಂಗಸ್ಥಳದಲ್ಲಿ ಹಾಗೆ ಮಾಡಲಾಗದು. ಆದರೆ ಅಲ್ಲಿ ಅರ್ಥಗಾರಿಕೆ ಇದೆ. ಪ್ರಸಂಗದ ಒಂದಕ್ಷರ ಬದಲಿಸದೆ ಚಿತ್ರಾಂಗದೆಯ ಬಾಯಲ್ಲಿ ಆ ಪ್ರಶ್ನೆ ಬರಬಹುದು, ಅರ್ಜುನ ತಲೆ ತಗ್ಗಿಸಬಹುದು. ಪದ್ಯ ಕವಿಯದು, ಅರ್ಥ ಕಲಾವಿದನದು ಎಂಬ ಸ್ವಾತಂತ್ರ್ಯ ಇರುವುದು ಇಂಥ ಕಡೆ ಬಳಸುವುದಕ್ಕೇ.

ಕಟ್ಟಳೆಗೆ ಒಳಗಾದವರ ಘನತೆಯನ್ನು ಈ ಪರಂಪರೆ ಕಂಡಷ್ಟು ಚೆನ್ನಾಗಿ ಕಟ್ಟಳೆಯ ಅನ್ಯಾಯವನ್ನು ಕಂಡಿಲ್ಲ. ಅದನ್ನೂ ಕಂಡರೆ ಅದರ ಕರುಣೆ ಪೂರ್ಣವಾಗುತ್ತದೆ. ಭಾವುಕತೆ ಎಂದು ಮೂಗು ಮುರಿಯುವವರಿಗೆ ಉತ್ತರವೂ ಇಲ್ಲಿಯೇ ಇದೆ: ಹಿಂಡಿ ತೆಗೆದ ಕಣ್ಣೀರು ಬೆಳಗಿನ ಚಾದೊಳಗೆ ಆರುತ್ತದೆ, ಲಯ ಹಿಡಿದು ಸಂಪಾದಿಸಿದ ಕಣ್ಣೀರು ಮನುಷ್ಯನನ್ನು ಮನೆಯಲ್ಲಿರುವ ಮಗನ, ತಾಯಿಯ, ತಮ್ಮನ ಮುಂದೆ ನಿಲ್ಲಿಸುತ್ತದೆ. ಅಂಥ ಕಣ್ಣೀರನ್ನು ತರಿಸುವ ವಿದ್ಯೆ ಘಟ್ಟದ ಈ ಸೀಮೆಯಲ್ಲಿ ಇನ್ನೂ ಇದೆ. ಅದನ್ನು ಉಳಿಸಬೇಕಾದವರು ಭಾಗವತರು, ಕಲಾವಿದರು ಮಾತ್ರವಲ್ಲ. ಅಗ್ಗದ ಅಳುವಿಗೆ ಚಪ್ಪಾಳೆ ತಟ್ಟದೆ ಕಾಯಬಲ್ಲ ಪ್ರೇಕ್ಷಕರೂ ಹೌದು.